ಉಪ್ಪಿಗೊಂದು ಗಡಿ

ಬಾದನಹಟ್ಟಿಯಿರುವ ಬಳ್ಳಾರಿ ಸೀಮೆಯಲ್ಲಿ ಉಪ್ಪಾರರು ಸವುಳು ಮಣ್ಣನ್ನು ತೊಳೆದು, ಆ ನೀರನ್ನು ಬತ್ತಿಸಿ ಉಪ್ಪು ತೆಗೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಉಪ್ಪಿನ ತೆರಿಗೆ ಸೋರಬಾರದೆಂದು ಮದ್ರಾಸ್ ಸರ್ಕಾರ ಆ ಕಸುಬನ್ನೇ ಅಡಗಿಸಿತು. ಬ್ರಿಟಿಷರಿಗೆ ತಮ್ಮ ನೆಲದಲ್ಲಿ ಆಜ್ಞೆಯೇ ಸಾಕಾಯಿತು. ನೆರೆಯ ಗೋವೆಗೆ ರಾಜತಂತ್ರ ಬೇಕಾಯಿತು. ಅಲ್ಲಿಯ ಅಗ್ಗದ ಉಪ್ಪು ಘಟ್ಟದ ಕಾಡುದಾರಿಗಳಲ್ಲಿ ಕದ್ದು ಬ್ರಿಟಿಷ್ ಸೀಮೆಗೆ ಏರಿಬರುತ್ತಿತ್ತು. ಬಡವನ ಚಿಟಿಕೆ ಉಪ್ಪಿಗಾಗಿ ಎರಡು ಸಾಮ್ರಾಜ್ಯಗಳು 1878ರಲ್ಲಿ ಲಿಸ್ಬನ್ನಿನಲ್ಲಿ ಕುಳಿತು ಒಪ್ಪಂದ ಬರೆದವು! ಗಡಿಯ ಸುಂಕ ತೆರವಾಯಿತು. ಬದಲಿಗೆ ಗೋವೆಯ ಉಪ್ಪಿನಾಗರಗಳೇ ಬ್ರಿಟಿಷರ ಹತೋಟಿಗೆ ಸಂದವು, ಹಲವು ಮುಚ್ಚಿದವು. ಗೋವೆಯ ಬೊಕ್ಕಸಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಪರಿಹಾರ ದೊರೆಯಿತು. ಗೋವೆಯ ಜನರಿಗೆ ಉಣ್ಣುವ ಉಪ್ಪು ತುಟ್ಟಿಯಾಯಿತು. 1880ರಲ್ಲಿ ಜಾರಿಗೆ ಬಂದ ಒಪ್ಪಂದ 12 ವರ್ಷ ನಡೆದು 1892ರಲ್ಲಿ ಮುಗಿಯಿತು. ಗಡಿಯಲ್ಲಿ ಸುಂಕ ಮರಳಿತು.