‘ತಾಯಿಯ ಉದ್ಯೋಗ’ ಎಂಬ ಕಾಲಂ

(ಟ್ರಸ್ಟಿನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಟ್ರಸ್ಟಿನ ಅಧ್ಯಕ್ಷರೇ, ಪದಾಧಿಕಾರಿಗಳೇ, ದಾನಿಗಳೇ, ಬೆಳಗಿನ ಬಸ್ಸು ಹಿಡಿದು ಬಂದಿರುವ ತಾಯಿ ತಂದೆಯರೇ, ಮಕ್ಕಳೇ,

ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುವ, ಮನೆಗಳಿಗೆ ಹೋಗಿ ವಿಚಾರಿಸುವ ಕೆಲಸವನ್ನು ಟ್ರಸ್ಟು ನನಗೆ ಒಪ್ಪಿಸಿ ಕೆಲವು ವರ್ಷಗಳಾದವು. ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಎಂದು ಒಂದು ಕಾಲಂ ಇದೆ. ಹೆಚ್ಚಿನವರು ಅಲ್ಲಿ ‘ಗೃಹಿಣಿ’ ಎಂದು ಬರೆಯುತ್ತಾರೆ. ಕೆಲವರು ಬರೀ ಒಂದು ಗೆರೆ ಎಳೆದುಬಿಡುತ್ತಾರೆ. ಮನೆಗೆ ಹೋದರೆ ಒಂದು ಕಡೆ ಹೊಲಿಗೆ ಯಂತ್ರ, ಇನ್ನೊಂದು ಕಡೆ ಮಾರಲಿಕ್ಕೆ ಹಾಕಿದ ಉಪ್ಪಿನಕಾಯಿ ಜಾಡಿಗಳು, ಮತ್ತೊಂದು ಕಡೆ ಉಲನ್ ಉಂಡೆ ತುಂಬಿದ ಚೀಲ. ಇವತ್ತು ಆ ಉಲನ್ ಚೀಲದವರ ವಿಷಯ ಮಾತ್ರ ಹೇಳುತ್ತೇನೆ. ಹೆಸರು ಹೇಳಬೇಡಿ ಎಂದು ಕೇಳಿಕೊಂಡಿದ್ದಾರೆ. ಗಿರಾಕಿಗಳು ಕರೆಯುವ ಹಾಗೆ ನಾನೂ ಆಪಾ ಎಂದೇ ಕರೆಯುತ್ತೇನೆ.

ಚಿಕ್ಕಮಗಳೂರಿನಲ್ಲಿ ಮನೆಯ ಮುಂದಿನ ಕೋಣೆಯೇ ಆಪಾ ಅವರ ಅಂಗಡಿ. ಒಂದು ಗಾಜಿನ ಕಪಾಟು, ಒಂದು ಬೆಂಚು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಮಗುವಿನ ಸ್ವೆಟರುಗಳು. ಫಜರ್ ನಮಾಝ್ ಮುಗಿಸಿ ಮಕ್ಕಳು ಏಳುವ ತನಕ ಒಂದು ಗಂಟೆ ಹೆಣೆಯುತ್ತಾರೆ. ಲೆಕ್ಕ ತಪ್ಪಬಾರದ ಕೆಲಸವನ್ನೆಲ್ಲ, ಅಂದರೆ ಕುತ್ತಿಗೆ ಇಳಿಸುವುದು, ತೋಳು ಕೂಡಿಸುವುದು ಇಂಥದ್ದನ್ನು, ಆ ಹೊತ್ತಿಗೇ ಇಟ್ಟುಕೊಳ್ಳುತ್ತಾರೆ. ಅಕ್ಕಿ ಬೇಯುವಾಗ, ಗಿರಾಕಿಯೊಡನೆ ಮಾತನಾಡುವಾಗ ನೇರ ಸಾಲುಗಳು. ಅದಕ್ಕೆ ಕಣ್ಣೂ ಬೇಡ, ಕೈಗೇ ಗೊತ್ತಿದೆ.

ಈ ಕೆಲಸ ಹೊರಗಿನಿಂದ ನೋಡುವಷ್ಟು ಸುಲಭವಲ್ಲ. ನೂಲು ಹೆಚ್ಚಾಗಿ ಲೂಧಿಯಾನದ ಕಡೆಯಿಂದ ಬರುತ್ತದೆ. ಉಂಡೆಗೆ ಸುತ್ತಿದ ಕಾಗದದ ಮೇಲೆ ಬಣ್ಣದ ನಂಬರಿನ ಜೊತೆಗೆ ಲಾಟ್ ನಂಬರ್ ಎಂದು ಇನ್ನೊಂದಿರುತ್ತದೆ. ಒಂದೇ ಬಣ್ಣವಾದರೂ ಬೇರೆ ಬೇರೆ ಸಲ ಬಣ್ಣಕ್ಕೆ ಅದ್ದಿದ ನೂಲಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ. ಉಂಡೆಯಲ್ಲಿ ಅದು ಕಾಣುವುದಿಲ್ಲ, ಸ್ವೆಟರ್ ಮುಗಿದ ಮೇಲೆ ಬಿಸಿಲಿನಲ್ಲಿ ಪಟ್ಟೆಯಾಗಿ ಕಾಣುತ್ತದೆ. ಆದ್ದರಿಂದ ಒಂದು ಸ್ವೆಟರಿಗೆ ಬೇಕಾದ ನೂಲನ್ನು ಒಂದೇ ಸಲ, ಒಂದೇ ಲಾಟಿನಲ್ಲಿ ಕೊಳ್ಳಬೇಕು. ಕೈಯಲ್ಲಿ ಕಾಸಿಲ್ಲದವರು ಎರಡೆರಡು ಉಂಡೆ ತಂದರೆ ನಷ್ಟವೇ. ಬಡವರಿಗೆ ಎಲ್ಲವೂ ದುಬಾರಿ ಬೀಳುವುದು ಹೀಗೆ.

ಕಡ್ಡಿಗಳ ನಂಬರ್ ಹೆಚ್ಚಾದಂತೆ ಕಡ್ಡಿ ಸಣ್ಣದಾಗುತ್ತದೆ. ಎಂಟನೇ ನಂಬರ್ 4 ಮಿಲಿಮೀಟರ್ ದಪ್ಪ, ಹತ್ತನೆಯದು ಅದಕ್ಕಿಂತ ಸಪೂರ. ಮೊದಲು ಅಂಗೈಯಗಲ ಒಂದು ತುಂಡು ಹೆಣೆದು ಎಷ್ಟು ಕುಣಿಕೆಗೆ ಎಷ್ಟು ಅಂಗುಲ ಬಂತು ಎಂದು ಅಳೆದು, ಗುಣಿಸಿ, ಆಮೇಲೆ ಕೆಲಸಕ್ಕೆ ಕೂರಬೇಕು. ಏಳನೇ ತರಗತಿಗೆ ಶಾಲೆ ಬಿಟ್ಟ ಹೆಣ್ಣುಮಗಳು ಭಾಗಾಕಾರವನ್ನು ಬಾಯಲ್ಲೇ ಮಾಡುವುದನ್ನು ಕಂಡು, ಜೀವಮಾನವಿಡೀ ಗಣಿತ ಕಲಿಸಿದ ನನಗೆ ಸಂತೋಷವಾಯಿತು.

ದೊಡ್ಡವರ ಸ್ವೆಟರ್ ಅವರು ಈಗ ಹೆಣೆಯುವುದಿಲ್ಲ. ಚಳಿಗಾಲ ಬಂತೆಂದರೆ ಟಿಬೆಟಿನವರು ಊರಿಗೆ ಬಂದು ಯಂತ್ರದ ಸ್ವೆಟರುಗಳ ಅಂಗಡಿ ಹಾಕುತ್ತಾರೆ. ಅವರದೂ ಹೊಟ್ಟೆಪಾಡು. ಆ ಬೆಲೆಗೆ ಕೈಹೆಣಿಗೆ ನಿಲ್ಲಲಾರದು. ಹಾಗಾಗಿ ಎಳೆಗೂಸಿನ ಸೆಟ್ಟು, ಅಂದರೆ ಸ್ವೆಟರ್, ಟೋಪಿ, ಕಾಲುಚೀಲ. ರಮಝಾನಿಗೆ ಮೊದಲು ಹತ್ತಿ ದಾರದಲ್ಲಿ ಕ್ರೋಶಾ ಟೋಪಿ. ಟೋಪಿಯನ್ನು ನಡುವಿನ ಒಂದು ಸಣ್ಣ ಬಳೆಯಿಂದ ಶುರುಮಾಡಿ, ಪ್ರತಿ ಸುತ್ತಿಗೂ ಕುಣಿಕೆ ಹೆಚ್ಚಿಸುತ್ತಾ ಚಪ್ಪಟೆ ಚಕ್ರ ಮಾಡಬೇಕು. ತಲೆಯ ಅಳತೆ ಬಂದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿದರೆ ಅಂಚು ತಾನಾಗಿ ಕೆಳಗೆ ಇಳಿಯುತ್ತದೆ. ದಾವೂದ್ ಅಲೈಹಿಸ್ಸಲಾಮರು ಕಬ್ಬಿಣದ ಬಳೆಗಳನ್ನು ಅಳತೆಯಿಂದ ಕೂಡಿಸಿ ಕವಚ ಮಾಡುತ್ತಿದ್ದರೆಂದು ಕುರ್‌ಆನಿನಲ್ಲಿದೆಯಲ್ಲ, ಆಪಾ ಅವರ ಕೈ ನೋಡುವಾಗ ನನಗೆ ಅದು ನೆನಪಾಗುತ್ತದೆ.

ಇನ್ನು ದುಡ್ಡಿನ ಮಾತು. ಅವರ ಲೆಕ್ಕದ ಪುಸ್ತಕ ಮಗಳ ಹಳೆಯ ನೋಟ್‌ಬುಕ್ಕು. ಅದರಲ್ಲಿ ಕಂಡ ಒಂದು ಸೆಟ್ಟಿನ ಲೆಕ್ಕ ಹೇಳುತ್ತೇನೆ. ನೂಲಿಗೆ 150 ರೂಪಾಯಿ, ಗುಂಡಿ ರಿಬ್ಬನ್ನಿಗೆ 20. ಮಾರಿದ್ದು 600ಕ್ಕೆ. ಉಳಿದದ್ದು 430. ಹೆಣೆಯಲು ಹಿಡಿದದ್ದು 18 ಗಂಟೆ. ಗಂಟೆಗೆ 24 ರೂಪಾಯಿಯೂ ತುಂಬುವುದಿಲ್ಲ. ಇಷ್ಟಾದರೂ ಕಾರಿನಲ್ಲಿ ಬಂದವರು ‘450ಕ್ಕೆ ಕೊಡಿ ಆಪಾ’ ಎಂದು ಚೌಕಾಸಿ ಮಾಡುತ್ತಾರೆ. ಈ ಸಭೆಯಲ್ಲಿ ಕುಳಿತವರಲ್ಲೂ ಅಂಥವರು ಇರಬಹುದು. ಕಾಫಿ ಬೆಲೆಗೆ ಚೌಕಾಸಿ ನಡೆಯಲಿ, ಇಲ್ಲಿ ಬೇಡ.

ಸರ್ಕಾರದ ಯೋಜನೆಗಳ ವಿಷಯ ಕೇಳಿದರು. 2023ರ ಸೆಪ್ಟೆಂಬರಿನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ದರ್ಜಿಗಳಿದ್ದಾರೆ, ಮೀನಿನ ಬಲೆ ಹೆಣೆಯುವವರಿದ್ದಾರೆ, ಸ್ವೆಟರ್ ಹೆಣೆಯುವವರು ಇಲ್ಲ. ಉದ್ಯಮ್ ನೋಂದಣಿ ಮಾಡಿಸಬಹುದು. 2020ರ ಜುಲೈಯಿಂದ ಇರುವ ಈ ನೋಂದಣಿಗೆ ಶುಲ್ಕವೇ ಇಲ್ಲ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ನಾನು ಈ ಮನೆಗೆ ಹೋದದ್ದು ಮಗಳ ಅರ್ಜಿಗಾಗಿ. ಹುಡುಗಿ ಎರಡನೇ ಪಿಯುಸಿ, ವಿಜ್ಞಾನ. ನವೆಂಬರಿನಿಂದ ಜನವರಿವರೆಗೆ ಆರ್ಡರುಗಳು ಒಟ್ಟಿಗೆ ಬರುತ್ತವೆ. ಆಗಲೇ ಪರೀಕ್ಷೆಗೆ ಓದುವ ಕಾಲ. ರಾತ್ರಿ ಹನ್ನೊಂದಕ್ಕೆ ತಾಯಿ ಸ್ವೆಟರ್, ಮಗಳು ಕಾಲುಚೀಲ. ಅಣ್ಣ ಮಾತ್ರ ಮೊಬೈಲ್ ನೋಡುತ್ತಿರುತ್ತಾನೆ. ‘ಇವನಿಗೆ ಯಾಕೆ ಕಲಿಸಲಿಲ್ಲ?’ ಎಂದೆ. ಆಪಾ ನಕ್ಕರು. ಹುಡುಗ ನಗಲಿಲ್ಲ. ಈಗ ಗುಂಡಿ ಹಾಕುವುದು, ಪೊಟ್ಟಣ ಕಟ್ಟುವುದು, ಕೊರಿಯರಿಗೆ ಕೊಟ್ಟು ಬರುವುದು ಅವನ ಪಾಲು. ಹುಡುಗಿಗೆ ರಾತ್ರಿ ಎರಡು ಗಂಟೆ ಸಿಕ್ಕಿದೆ. ಅಷ್ಟು ಹೊತ್ತು ಅವಳಿಗೆ ಭೌತಶಾಸ್ತ್ರಕ್ಕೆ ಬೇಕಾಗಿತ್ತು.

ಅರ್ಜಿಯಲ್ಲಿ ‘ಗೃಹಿಣಿ’ ಎಂದು ಯಾಕೆ ಬರೆದಿರಿ ಎಂದು ಕೇಳಿದೆ. ‘ಆದಾಯ ತೋರಿಸಿದರೆ ಹುಡುಗಿಗೆ ಸಿಗಲಿಕ್ಕಿಲ್ಲ ಅಂತ ಹೆದರಿಕೆ ಮೇಡಂ’ ಎಂದರು. ಪೋಷಕರು ದಯವಿಟ್ಟು ಕೇಳಿಸಿಕೊಳ್ಳಿ. ತಾಯಿ ನಾಲ್ಕು ಕಾಸು ದುಡಿಯುತ್ತಾರೆ ಎಂಬ ಕಾರಣಕ್ಕೆ ನಮ್ಮ ಸಮಿತಿ ಯಾವ ಮಗುವಿನ ಅರ್ಜಿಯನ್ನೂ ಕೆಳಗಿಟ್ಟಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ದುಡಿಮೆ ಮುಚ್ಚಿಡುವ ವಿಷಯವೇ? ಉಮ್ಮುಲ್ ಮೂಮಿನೀನ್ ಝೈನಬ್ ಬಿಂತ್ ಜಹಶ್ ರಝಿಯಲ್ಲಾಹು ಅನ್ಹಾ ಅವರು ತೊಗಲು ಹದ ಮಾಡಿ, ಹೊಲಿದು, ಬಂದದ್ದನ್ನು ಸದಕಾ ಮಾಡುತ್ತಿದ್ದರು. ನಿಮ್ಮಲ್ಲಿ ಕೈ ನೀಳವಾದವರು ಮೊದಲು ನನ್ನನ್ನು ಸೇರುವರು ಎಂಬರ್ಥದಲ್ಲಿ ಪ್ರವಾದಿಯವರು ಪತ್ನಿಯರಿಗೆ ಹೇಳಿದ್ದರಂತೆ. ಅವರೆಲ್ಲ ಕೈಗಳನ್ನು ಅಳೆದು ನೋಡಿಕೊಂಡರಂತೆ. ಝೈನಬರು ಮೊದಲು ತೀರಿಕೊಂಡಾಗ ಆ ಮಾತಿನ ಅರ್ಥ ತಿಳಿಯಿತು.

ಆಪಾ ಕೂಡ ಝಕಾತಿನ ಲೆಕ್ಕ ಕೇಳಿದರು. ತನಗೆ ಸಿಗುತ್ತದೆಯೇ ಎಂದಲ್ಲ, ತಾನು ಕೊಡಬೇಕೇ ಎಂದು! ಉಲಮಾಗಳು ಹೇಳುವ ಪ್ರಕಾರ ಮಾರಾಟಕ್ಕಿಟ್ಟ ಮಾಲು, ನೂಲಿನ ದಾಸ್ತಾನು ಲೆಕ್ಕಕ್ಕೆ ಬರುತ್ತವೆ, ಕಡ್ಡಿ ಕಪಾಟು ಬರುವುದಿಲ್ಲ. ನಿಸಾಬ್ ಮುಟ್ಟಿ ವರ್ಷ ತುಂಬಿದರೆ ಶೇಕಡಾ ಎರಡೂವರೆ. ಕೂಡಿಸಿ ನೋಡಿದೆವು, ನಿಸಾಬಿಗೆ ಬಹಳ ದೂರವಿತ್ತು. ಅವರಿಗೆ ಸ್ವಲ್ಪ ಬೇಸರವೇ ಆಯಿತು.

ಕೊನೆಯದಾಗಿ ದಾನಿಗಳಲ್ಲಿ ಒಂದು ವಿಷಯ. ಆಪಾ ದಾನ ಕೇಳಿಲ್ಲ. ಸೆಪ್ಟೆಂಬರಿನಲ್ಲಿ ಒಂದೇ ಲಾಟಿನ ನೂಲು ತುಂಬಿಸಿಕೊಳ್ಳಲು 15,000 ರೂಪಾಯಿ ಬಡ್ಡಿಯಿಲ್ಲದ ಸಾಲ ಸಿಕ್ಕಿದರೆ ಫೆಬ್ರುವರಿಯೊಳಗೆ ಹಿಂದಿರುಗಿಸುತ್ತೇನೆ ಎಂದಿದ್ದಾರೆ. ಇಂಥ ಇನ್ನೂ ನಾಲ್ಕು ಮನೆಗಳನ್ನು ನಾನು ಕಂಡಿದ್ದೇನೆ. ವಿದ್ಯಾರ್ಥಿವೇತನದ ನಿಧಿಯನ್ನು ಮುಟ್ಟದೆ ಬೇರೆಯಾಗಿ ಕರ್ಝೆ ಹಸನದ ಒಂದು ಸಣ್ಣ ಖಾತೆ ತೆರೆಯಬಹುದೇ ಎಂದು ಬರೆದು ಅಧ್ಯಕ್ಷರ ಕೈಗೆ ಕೊಟ್ಟಿದ್ದೇನೆ. ಊಟದ ನಂತರ ಅವರು ಆ ಬಗ್ಗೆ ನಿಮ್ಮೊಡನೆ ಮಾತನಾಡುತ್ತಾರೆ.

ಅಸ್ಸಲಾಮು ಅಲೈಕುಮ್.