ಕೈ ನನ್ನದು, ಖಾತೆ ಯಾರದು?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಭಾಷಣ ಮಾಡಿ ರೂಢಿಯಿಲ್ಲ, ಚಟ್ನಿಪುಡಿ ಕುಟ್ಟಿ ರೂಢಿ. ಮನೆಯಲ್ಲಿ ಕೂತು, ಒಬ್ಬಳೇ, ಫೋನಿನ ಮೂಲಕ ವ್ಯಾಪಾರ ಮಾಡಿ ಬದುಕುವುದು ಹೇಗೆಂದು ಹೇಳಲು ಸಂಘದವರು ಕರೆದಿದ್ದಾರೆ. ಗೆದ್ದ ಕಥೆ ಕೇಳುವ ಆಸೆ ನಿಮಗಿರಬಹುದು. ನಾನು ಸೋತ ಕಥೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಕಲಿತದ್ದು ಅಲ್ಲಿ.

ನನ್ನ ಮದುವೆಗೆ 5 ತೊಲೆ ಬಂಗಾರ, ಒಂದು ಮೋಟಾರ್ ಸೈಕಲ್ ಕೊಟ್ಟರು. ಅದು ಸಾಲಲಿಲ್ಲ. ಅಂಗಡಿ ಇಡಲು ದುಡ್ಡು ತಾ ಎಂಬ ಕಾಟ ಶುರುವಾಯಿತು. ತವರಿನಲ್ಲಿ ಕೊಡಲು ಏನೂ ಉಳಿದಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಗಂಡನ ಕೆಲಸವೂ ನಿಂತಿತು. ಆಗ ಬೆಂಗಳೂರಿನ ಪರಿಚಯದವರು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಳಿಸಿಕೊಡಿ ಎಂದು ಕೇಳಿದರು. ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಾಕಿದೆ. ಒಬ್ಬರಿಂದ ಒಬ್ಬರಿಗೆ ಹೋಗಿ ಒಂದೂವರೆ ವರ್ಷದಲ್ಲಿ 300 ಮನೆಗಳ ಗಿರಾಕಿಯಾಯಿತು.

ಸಿಮ್ ಗಂಡನ ಹೆಸರಲ್ಲಿತ್ತು. ದುಡ್ಡು ಬಂದು ಬೀಳುವ ಖಾತೆಯೂ ಅವನದೇ. ಮನೆ ಒಂದೇ ಅಲ್ಲವೆ, ಯಾರ ಹೆಸರಾದರೇನು ಎಂದುಕೊಂಡಿದ್ದೆ. ಒಂದು ದಿನ ಮಗಳ ಶಾಲೆಯ ಫೀಗೆ 4,000 ರೂಪಾಯಿ ಕೇಳಿದೆ. ಇಲ್ಲ ಎಂದ. ಇಷ್ಟು ದಿನ ಬಂದದ್ದು ಎಲ್ಲಿ ಹೋಯಿತು ಎಂದೆ. "ಲೆಕ್ಕ ಕೇಳಾಕ ನೀ ಯಾರ?" ಎಂದವನೇ ಕಪಾಳಕ್ಕೆ ಹೊಡೆದ. ಅಂದು ರಾತ್ರಿ ನನಗೆ ಅರ್ಥವಾಯಿತು: ತವರಿನವರು ಕೊಡಲಾಗದ ವರದಕ್ಷಿಣೆಯನ್ನು ನಾನೇ ಕುಟ್ಟಿ, ಹುರಿದು, ತಿಂಗಳು ತಿಂಗಳು ಕಂತಿನಲ್ಲಿ ಕಟ್ಟುತ್ತಿದ್ದೆ.

ಮುಂದೆ ಹೊಡೆತ ಹೆಚ್ಚಾಗಿ ಮಗಳೊಂದಿಗೆ ತವರಿಗೆ ಬಂದೆ. ಫೋನು ಅಲ್ಲೇ ಉಳಿಯಿತು. 300 ಗಿರಾಕಿಗಳ ನಂಬರು, ವಿಳಾಸ, ಫೋಟೋ, ಎಲ್ಲ ಅದರಲ್ಲೇ. ಕೈಗುಣ ನನ್ನದು, ವ್ಯಾಪಾರ ಅವನ ಜೇಬಿನಲ್ಲಿ!

ಸಂಘದಲ್ಲಿ ಅತ್ತಾಗ ನಮ್ಮ ಹಿರಿಯಕ್ಕ ಒಂದೇ ಮಾತು ಹೇಳಿದಳು: "ಪುಡಿ ಮಾಡೋ ಕೈ ನಿನ್ನ ಹತ್ರಾನ ಐತಲ್ಲವಾ, ಮತ್ತ ಯಾಕ ಅಳತಿ?" ಸಂಘದಿಂದ 10,000 ರೂಪಾಯಿ ಸಾಲ ಕೊಟ್ಟರು. ಹಳೆಯ ನೋಟುಬುಕ್ಕಿನಲ್ಲಿ ಬರೆದಿಟ್ಟ 11 ವಿಳಾಸಗಳಿದ್ದವು. ಅಷ್ಟರಿಂದಲೇ ಮತ್ತೆ ಶುರು ಮಾಡಿದೆ.

ಈಗ ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದು ಹೆಸರು. ಸಿಮ್, ಬ್ಯಾಂಕ್ ಖಾತೆ, ಇನ್‌ಸ್ಟಾಗ್ರಾಂ ಪುಟ, ಆಹಾರ ನೋಂದಣಿ, ಎಲ್ಲವೂ ನಿಮ್ಮ ಹೆಸರಿನಲ್ಲೇ ಇರಲಿ. ಗುಪ್ತ ಸಂಖ್ಯೆ ನಿಮಗೊಬ್ಬರಿಗೇ ಗೊತ್ತಿರಲಿ. ವಾಟ್ಸ್ಆ್ಯಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ಎಂಬ ಕಡೆ ಒತ್ತಿ ನೋಡಿ. ನಿಮ್ಮ ಮಾತುಕತೆಯನ್ನು ಬೇರೆ ಯಂತ್ರದಲ್ಲಿ ಯಾರಾದರೂ ಜೋಡಿಸಿಕೊಂಡಿದ್ದರೆ ಅಲ್ಲಿ ಕಾಣುತ್ತದೆ. ಗಿರಾಕಿಗಳ ಹೆಸರು, ನಂಬರನ್ನು ವಾರಕ್ಕೊಮ್ಮೆ ಪುಸ್ತಕದಲ್ಲಿ ಬರೆಯಿರಿ. ಫೋನು ಒಡೆಯಬಹುದು, ಕಸಿದುಕೊಳ್ಳಬಹುದು. ಪುಸ್ತಕ ಸಂಘದ ಪೆಟ್ಟಿಗೆಯಲ್ಲಿರಲಿ.

ಎರಡನೆಯದು ಲೆಕ್ಕ. ಮೊದಲು ನಾನು ಒಂದು ಕಿಲೋ ಶೇಂಗಾ ಚಟ್ನಿಯನ್ನು 260 ರೂಪಾಯಿಗೆ ಮಾರುತ್ತಿದ್ದೆ. ಸಾಮಾನಿಗೆ 190, ಗ್ಯಾಸು, ಕರೆಂಟಿಗೆ 20, ಪ್ಯಾಕೆಟ್ಟು, ಚೀಟಿಗೆ 30, ಒಟ್ಟು 240. 20 ರೂಪಾಯಿ ಲಾಭ ಎಂದು ಹಿಗ್ಗುತ್ತಿದ್ದೆ. ಹುರಿದು, ಕುಟ್ಟಿ, ತುಂಬಿ, ವಿಳಾಸ ಬರೆಯುವ ಎರಡು ಗಂಟೆಯ ನನ್ನ ದುಡಿಮೆ ಲೆಕ್ಕದಲ್ಲೇ ಇರಲಿಲ್ಲ. ಮನೆಗೆಲಸಕ್ಕೆ ಬೆಲೆಯಿಲ್ಲ ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರಲ್ಲ, ಅದನ್ನೇ ವ್ಯಾಪಾರಕ್ಕೂ ತಂದಿದ್ದೆ. ಈಗ ಕೂಲಿ 100 ಹಾಕುತ್ತೇನೆ. ಕೆಟ್ಟ ಪ್ಯಾಕೆಟ್ಟು, ಫೋನಿನ ರೀಚಾರ್ಜು, ಉಳಿತಾಯಕ್ಕೆಂದು 60. ಹೀಗೆ 400 ರೂಪಾಯಿ. ಕೊರಿಯರ್ ಖರ್ಚು ಬೇರೆ. ಕೆಲವರು ಬಿಟ್ಟು ಹೋದರು. ರುಚಿ ಬಲ್ಲವರು ಉಳಿದರು.

ಒಬ್ಬಳ ಮೈಗೆ ಒಂದು ಮಿತಿಯುಂಟು. ವಾರಕ್ಕೆ 25 ಕಿಲೋ, ಅದಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. "ಈ ವಾರದ್ದು ಮುಗಿಯಿತು" ಎಂದು ಹೇಳಲು ನಾಚಿಕೆಯಿಲ್ಲ. ತಿಂಗಳಿಗೆ ಸುಮಾರು 14,000 ರೂಪಾಯಿ ಕೈಗೆ ಉಳಿಯುತ್ತದೆ. ಮಹಡಿ ಮನೆ ಕಟ್ಟುವ ದುಡ್ಡಲ್ಲ. ಆದರೆ ಮಗಳ ಫೀಗೆ ಯಾರ ಮುಂದೆಯೂ ಕೈ ಒಡ್ಡಬೇಕಾಗಿಲ್ಲ.

ಮೂರನೆಯದು ಮೋಸ. ದುಡ್ಡು ಹಾಕಿದ್ದೇನೆಂದು ಚಿತ್ರ ಕಳಿಸುತ್ತಾರೆ. ಚಿತ್ರ ನಂಬಬೇಡಿ, ಖಾತೆ ನೋಡಿ. ದುಡ್ಡು ಬರಲು ಪಿನ್ ಒತ್ತಬೇಕಾಗಿಲ್ಲ. ಒತ್ತಿ ಎಂದವನು ಕಳ್ಳನೇ. ಮೋಸ ಹೋದರೆ ಅಳುತ್ತ ಕೂರಬೇಡಿ, ಕೂಡಲೇ 1930ಕ್ಕೆ ಫೋನು ಮಾಡಿ. ಬೇಗ ಹೇಳಿದಷ್ಟೂ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಾಲ್ಕನೆಯದು ಕಾಗದಪತ್ರ. ತಿನ್ನುವ ಪದಾರ್ಥ ಮಾರುವವರು ಎಷ್ಟೇ ಸಣ್ಣವರಾದರೂ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ಅಲ್ಲಿ ಕೊಡುವ 14 ಅಂಕಿಯ ಸಂಖ್ಯೆ ಪ್ಯಾಕೆಟ್ಟಿನ ಮೇಲಿರಬೇಕು. 2020ರ ಜುಲೈಯಿಂದ ಬಂದ ಉದ್ಯಮ್ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಜಿಎಸ್‌ಟಿ ಎಂದರೆ ಹೆದರಬೇಡಿ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಅದು ಬೇಕಿಲ್ಲ. ದೊಡ್ಡ ಆನ್‌ಲೈನ್ ಅಂಗಡಿಗಳ ಮೂಲಕ ಮಾರುವವರಿಗೆ ಮೊದಲು ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಮಾರುವ ಸಣ್ಣವರಿಗೆ ಅದನ್ನೂ ಸಡಿಲಿಸಿದ್ದಾರೆ, ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಸೊಲ್ಲಾಪುರಕ್ಕೋ ಪುಣೆಗೋ ಕಳಿಸುವುದಾದರೆ ನಿಯಮ ಬೇರೆ, ಬಲ್ಲವರನ್ನು ಕೇಳಿಯೇ ಮುಂದುವರಿಯಿರಿ.

ಇನ್ನು ಹಕ್ಕಿನ ಮಾತು. ಹೆಂಡತಿಯ ದುಡಿಮೆ ಗಂಡನದು ಎಂದು ಯಾವ ಕಾನೂನೂ ಹೇಳುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು, ಹೆಣ್ಣು ತನ್ನ ಕೌಶಲದಿಂದ, ಶ್ರಮದಿಂದ ಗಳಿಸಿದ ಆಸ್ತಿಗೆ ಅವಳೇ ಪೂರ್ಣ ಒಡತಿ ಎನ್ನುತ್ತದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಆರ್ಥಿಕ ದೌರ್ಜನ್ಯವನ್ನೂ ದೌರ್ಜನ್ಯವೆಂದು ಕರೆದಿದೆ. ಖರ್ಚಿಗೆ ಕೊಡದಿರುವುದು, ಸ್ತ್ರೀಧನ ಇಟ್ಟುಕೊಳ್ಳುವುದು ಅದರಲ್ಲಿ ಬರುತ್ತವೆ. ಸಂರಕ್ಷಣಾಧಿಕಾರಿಯ ಬಳಿ ಹೋಗಬಹುದು, 181ಕ್ಕೆ ಫೋನು ಮಾಡಬಹುದು. ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಹೆಸರು ಬದಲಾಯಿತೆಂದು ಹಕ್ಕು ಹೋಗಿಲ್ಲ. ನನ್ನ ಬಂಗಾರ ಇನ್ನೂ ಬಂದಿಲ್ಲ, ಕೇಸು ನಡೆದಿದೆ. ಅದನ್ನು ಮುಚ್ಚಿಡುವುದಿಲ್ಲ.

ಒಂದು ಎಚ್ಚರಿಕೆ. ವ್ಯಾಪಾರ ಮಾಡಿದರೆ ಹೊಡೆತ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಮನೆಯಲ್ಲಿ ದುಡಿಮೆ ಹೆಚ್ಚಿದಂತೆ ಆಸೆಯೂ ಹೆಚ್ಚಿತು. ಗಳಿಸುವ ಸೊಸೆ ಕೆಲವರಿಗೆ ಎಂದೂ ಮುಗಿಯದ ವರದಕ್ಷಿಣೆ. ದುಡಿಮೆಯ ಜೊತೆ ಹೆಸರೂ ಬೇಕು, ಹಿಂದೆ ನಿಲ್ಲುವ ಸಂಘವೂ ಬೇಕು. ಒಬ್ಬಳೇ ವ್ಯಾಪಾರ ಮಾಡಬಹುದು, ಒಬ್ಬಳೇ ಹೊಡೆತ ತಿನ್ನಬೇಕಾಗಿಲ್ಲ.

ಕೊನೆಗೆ ಒಂದು ಕೆಲಸ ಹೇಳಿ ಕೂರುತ್ತೇನೆ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಹಣ ಎಣಿಸಿದ ಮೇಲೆ ಪ್ರತಿಯೊಬ್ಬರೂ ಎರಡು ಪ್ರಶ್ನೆಗೆ ಉತ್ತರ ಹೇಳಲಿ: ನನ್ನ ಕೈಯ ಫೋನಿನ ಸಿಮ್ ಯಾರ ಹೆಸರಲ್ಲಿದೆ? ನನ್ನ ದುಡಿಮೆಯ ಹಣ ಯಾರ ಖಾತೆಗೆ ಬೀಳುತ್ತದೆ? ಉತ್ತರ ಹೇಳಲು ಯಾರ ಕಣ್ಣು ನೆಲ ನೋಡುತ್ತದೋ, ಅವಳ ಜೊತೆ ಮರುದಿನವೇ ಇಬ್ಬರು ಬ್ಯಾಂಕಿಗೆ ಹೋಗಿ ಬನ್ನಿ.