ಮಕ್ಕಳು ಏನನ್ನು ಓದಬೇಕು?



ಮಕ್ಕಳು ಇಂಟರ್ ಮುಗಿಸಿದೊಡನೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ, “ಅದನ್ನು ಓದಿದರೆ ಅನ್ನ ಹುಟ್ಟೀತೇ?” ಎಂಬುದು. ಈ ಪ್ರಶ್ನೆ ತಪ್ಪಲ್ಲ. ಊರು ಬಿಟ್ಟು ಬಂದ ನಮಗೆ ಇಲ್ಲಿ ಹೊಲವಿಲ್ಲ, ಹಿರಿಯರ ಮನೆಯಿಲ್ಲ, ವಿದ್ಯೆಯೊಂದೇ ಆಸ್ತಿ. ಆದ್ದರಿಂದ ಮಗಳು ಮನಶ್ಶಾಸ್ತ್ರ, ಅಂತರರಾಷ್ಟ್ರೀಯ ವ್ಯಾಪಾರ, ತತ್ತ್ವಶಾಸ್ತ್ರ ಮೂರನ್ನೂ ಕೂಡಿಸಿ ಓದುತ್ತೇನೆಂದರೆ, ವ್ಯಾಪಾರವನ್ನು ಒಪ್ಪಿ ಉಳಿದೆರಡನ್ನು ಬಿಡಿಸಲು ನೋಡುತ್ತೇವೆ.

ನಾನು ಬಿ.ಕಾಂ. ಓದಿದ ಬ್ಯಾಂಕಿನ ಗುಮಾಸ್ತ. ನನಗೆ ತಿಳಿದ ವ್ಯವಹಾರದಿಂದಲೇ ಒಂದು ಮಾತು ಅರಿಕೆ ಮಾಡುತ್ತೇನೆ. ಹೈದರಾಬಾದಿನ ಔಷಧಿ ಪರದೇಶಕ್ಕೆ ಹೋಗುತ್ತದೆ ಎನ್ನಿ. ಮಾರುವವನು ಕೊಳ್ಳುವವನ ಮುಖ ಕಂಡಿಲ್ಲ. ಆಗ ಕೊಳ್ಳುವವನ ಬ್ಯಾಂಕು ಲೆಟರ್ ಆಫ್ ಕ್ರೆಡಿಟ್ ಕೊಡುತ್ತದೆ. ಷರತ್ತಿನಂತೆ ಕಾಗದಪತ್ರ ಒಪ್ಪಿಸಿದರೆ ಹಣ ಸಲ್ಲಿಸುವೆನೆಂಬ ವಚನ ಅದು. ಬ್ಯಾಂಕು ಪರೀಕ್ಷಿಸುವುದು ಕಾಗದಪತ್ರಗಳನ್ನು, ಸರಕನ್ನಲ್ಲ. ಆ ಪತ್ರದ ಕ್ರಮವನ್ನು ವ್ಯಾಪಾರಶಾಸ್ತ್ರ ಕಲಿಸುತ್ತದೆ. ಅಪರಿಚಿತನನ್ನು ಮನುಷ್ಯ ಏಕೆ ನಂಬುತ್ತಾನೆ, ಏಕೆ ಅಂಜುತ್ತಾನೆ ಎಂಬುದು ಮನಶ್ಶಾಸ್ತ್ರದ ವಿಷಯ. ನಷ್ಟವಾದರೂ ಕೊಟ್ಟ ಮಾತನ್ನು ಏಕೆ ನಡೆಸಬೇಕು ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆ. ಮೂರೂ ಒಂದೇ ಕಾಗದದಲ್ಲಿವೆ!

ಈ ಶಾಸ್ತ್ರಗಳು ಕನ್ನಡನಾಡಿಗೆ ಹೊಸವಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ತತ್ತ್ವಶಾಸ್ತ್ರ ಬೋಧಿಸಿದರು. ಅಲ್ಲಿಯೇ ಪಾಠ ಹೇಳಿದ ಹಿರಿಯಣ್ಣನವರ ಭಾರತೀಯ ತತ್ತ್ವಶಾಸ್ತ್ರದ ಗ್ರಂಥ 1932ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಅಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಡಾ. ಎಂ. ವಿ. ಗೋಪಾಲಸ್ವಾಮಿಯವರು. ಅವರೇ 1935ರಲ್ಲಿ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ತೆರೆದರು. ಮನಸ್ಸನ್ನು ಓದಿದವರ ಕೆಲಸ ಎಲ್ಲಿಯವರೆಗೆ ಹಬ್ಬೀತೆಂಬುದಕ್ಕೆ ಇದೇ ಸಾಕ್ಷಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆ, ವಾಣಿಜ್ಯ, ವಿಜ್ಞಾನಗಳ ನಡುವಿನ ಗೋಡೆ ಬೇಡವೆನ್ನುತ್ತದೆ. ಆದರೆ ಕಣ್ಣು ಮುಚ್ಚಿ ಸೇರಿಸಿರೆಂದು ನಾನು ಹೇಳಲಾರೆ. ಪದವಿಯೊಂದರಿಂದಲೇ ಯಾರೂ ಮನೋಚಿಕಿತ್ಸಕರಾಗಲಾರರು. ಮುಂದೆ ಹಲವು ವರ್ಷಗಳ ಓದು, ತರಬೇತಿ ಬೇಕು. ಆ ಖರ್ಚನ್ನು ಮಕ್ಕಳನ್ನು ಕೂಡಿಸಿಕೊಂಡೇ ಲೆಕ್ಕ ಹಾಕಿರಿ. ಲೆಕ್ಕ ಕೂಡಿದರೆ ಅಡ್ಡ ಬರಬೇಡಿರಿ.

ಇನ್ನೊಂದು ಮಾತು. 1918ರಲ್ಲಿ ಸ್ಥಾಪನೆಯಾದ ಈ ಊರಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಮೊದಲ ದಶಕಗಳಲ್ಲಿ ಉನ್ನತ ಶಾಸ್ತ್ರಗಳನ್ನು ಉರ್ದುವಿನಲ್ಲಿ ಕಲಿಸಿ, ದೇಶಭಾಷೆಗೆ ಆ ಶಕ್ತಿಯಿದೆಯೆಂದು ತೋರಿಸಿತು. ನಮ್ಮ ಮಕ್ಕಳು ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಓದಲಿ. ರಾತ್ರಿ ಊಟದ ಹೊತ್ತಿಗೆ ಓದಿದ್ದನ್ನು ಅಜ್ಜಿಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಲಿ. ವಿದ್ಯೆ ಮೈಗೂಡಿದೆಯೇ ಇಲ್ಲವೇ ಎಂಬುದು ಅಲ್ಲಿ ಗೊತ್ತಾಗುತ್ತದೆ.